ಶುಗರ್ ಇಳಿದಾಗ ಬರುವ ಆ ಹಸಿವು ಎಲ್ಲಿಂದ ಬರುತ್ತದೆ?

ಜನವರಿ ತಿಂಗಳು. ನಮ್ಮ ತೋಟದಲ್ಲಿ ರೋಬಸ್ಟಾ ಕೊಯ್ಲು ನಡೆಯುತ್ತಿತ್ತು. ಬೆಳಿಗ್ಗೆ ಹತ್ತೂವರೆ ಆದರೂ ಚಳಿ ಬಿಟ್ಟಿರಲಿಲ್ಲ, ಎಲ್ಲರೂ ಸ್ವೆಟರ್ ಹಾಕಿಕೊಂಡೇ ಕಾಫಿ ಕುಯ್ಯುತ್ತಿದ್ದೆವು. ಅಂಥ ಚಳಿಯಲ್ಲಿ ನಮ್ಮ ದೊಡ್ಡಮ್ಮನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ನಡುಗಿ, ಕುಯ್ದ ಹಣ್ಣು ಸೊಂಟದ ಚೀಲಕ್ಕೆ ಬೀಳದೆ ನೆಲಕ್ಕೆ ಬೀಳುತ್ತಿತ್ತು. "ಹೊಟ್ಟೆ ಹಸೀತಿದೆ, ಏನಾದ್ರೂ ಕೊಡು" ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು.

ಮನೆಗೆ ಕರೆತಂದು ಬೆರಳು ಚುಚ್ಚಿ ನೋಡಿದರೆ ಮೀಟರ್‌ನಲ್ಲಿ 52. ಏಳು ಗಂಟೆಗೆ ಇನ್ಸುಲಿನ್ ತೆಗೆದುಕೊಂಡಿದ್ದರು. ಸಕ್ಕರೆ ಹಾಕದ ಕಾಫಿ ಕುಡಿದು, ತಿಂಡಿ ಆಮೇಲೆ ತಿಂದರಾಯಿತು ಎಂದು ತೋಟಕ್ಕೆ ಇಳಿದುಬಿಟ್ಟಿದ್ದರು. ಈಗ ಎರಡು ಅಕ್ಕಿ ಒಟ್ಟಿ (ನಮ್ಮ ಕೊಡಗಿನ ಅಕ್ಕಿ ರೊಟ್ಟಿ) ತಿಂದರು. ಬಾಳೆಹಣ್ಣು ತಿಂದರು. ಡಬ್ಬದಲ್ಲಿದ್ದ ಎಳ್ಳುಂಡೆಗೆ ಕೈ ಹಾಕಿದರು. ಹಸಿವು ನಿಲ್ಲಲೇ ಇಲ್ಲ. ಆಗ ಮನೆಯಲ್ಲಿ ಒಬ್ಬರು, "ಶುಗರ್ ಇಟ್ಟುಕೊಂಡು ಎಷ್ಟು ತಿಂತೀರಿ ದೊಡ್ಡಮ್ಮ? ನಾಲಿಗೆ ಸ್ವಲ್ಪ ಹಿಡಿತದಲ್ಲಿ ಇರಬೇಕಲ್ವಾ?" ಎಂದುಬಿಟ್ಟರು. ದೊಡ್ಡಮ್ಮ ಉಂಡೆಯನ್ನು ಹಾಗೇ ಡಬ್ಬಕ್ಕೆ ಹಾಕಿ ತಲೆ ತಗ್ಗಿಸಿ ಕೂತರು. ಸಂಜೆ ನೋಡಿದರೆ ಶುಗರ್ 318.

ಆ ತಗ್ಗಿಸಿದ ತಲೆ ನನ್ನ ಮನಸ್ಸಿನಿಂದ ಹೋಗಿಲ್ಲ. ಅವರಿಗೆ ಬಂದದ್ದು ನಾಲಿಗೆಯ ಚಪಲ ಅಲ್ಲ. ಹೊಟ್ಟೆಯ ಮಾಮೂಲಿ ಹಸಿವೂ ಅಲ್ಲ. ಅದು ಬೇರೆಯದೇ ಹಸಿವು. ಅದರ ಹಿಂದೆ ಏನು ನಡೆಯುತ್ತದೆ ಎಂದು ಮನೆಯವರಿಗೆ ಗೊತ್ತಿದ್ದರೆ ಆ ಮಾತು ಬರುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ ಹಸಿವು ತಗ್ಗಿಸುವ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೆ ಬಂದವು. ಆಗಿನಿಂದ ಗೋಣಿಕೊಪ್ಪದ ಸಂತೆಯಲ್ಲೂ ಮಡಿಕೇರಿ ಬಸ್ಸಿನಲ್ಲೂ "ಹಸಿವಿನ ಹಾರ್ಮೋನ್" ಎಂಬ ಮಾತು ಕೇಳಿಸುತ್ತಿದೆ. ಹಸಿವಿಗೂ ಇನ್ಸುಲಿನ್‌ಗೂ ಏನು ಸಂಬಂಧ, ಶುಗರ್ ಇಳಿದಾಗ ಈ ಹಾರ್ಮೋನ್‌ಗಳು ಏನು ಮಾಡುತ್ತವೆ ಎಂದು ಬುಡದಿಂದಲೇ ನೋಡೋಣ.

ರಕ್ತದಲ್ಲಿ ಇರುವುದು ಒಂದು ಚಮಚ ಸಕ್ಕರೆ

ನಾವು ಶುಗರ್ ಎಂದು ಕರೆಯುವುದು ರಕ್ತದಲ್ಲಿರುವ ಗ್ಲೂಕೋಸನ್ನು. ಮೀಟರ್‌ನಲ್ಲಿ 90 ಎಂದು ಬಂದರೆ 100 ಮಿಲಿ ರಕ್ತದಲ್ಲಿ 90 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಲೆಕ್ಕ ಹಾಕಿ ನೋಡಿ, ಒಟ್ಟು ನಾಲ್ಕೂವರೆ ಗ್ರಾಂ. ಕಾಫಿಗೆ ಹಾಕುವ ಒಂದು ಟೀ ಚಮಚ ಸಕ್ಕರೆಯಷ್ಟು. ಇಡೀ ದೇಹ ನಡೆಯುವಾಗ ರಕ್ತದಲ್ಲಿ ಓಡಾಡುತ್ತಿರುವುದು ಇಷ್ಟೇ.

ಮೆದುಳು ಒಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಕೇಳುತ್ತದೆ. ಅಂದರೆ ಗಂಟೆಗೆ 5 ಗ್ರಾಂ. ರಕ್ತದಲ್ಲಿರುವುದನ್ನೇ ನಂಬಿಕೊಂಡರೆ ಒಂದು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಹಾಗೆ ಆಗದಂತೆ ನೋಡಿಕೊಳ್ಳುವುದು ಲಿವರ್. ಅದೊಂದು ಕಣಜ ಇದ್ದ ಹಾಗೆ. ಊಟ ಆದಾಗ ಗ್ಲೂಕೋಸನ್ನು ತುಂಬಿಟ್ಟುಕೊಳ್ಳುತ್ತದೆ, ಸುಮಾರು 100 ಗ್ರಾಂ. ರಾತ್ರಿ ನಾವು ಮಲಗಿದಾಗ ಅಷ್ಟಷ್ಟೇ ಹೊರಗೆ ಬಿಡುತ್ತದೆ.

ಈ ಕಣಜದ ಬಾಗಿಲು ಇನ್ಸುಲಿನ್ ಕೈಯಲ್ಲಿದೆ. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುತ್ತದೆ. ಊಟ ಆದ ಮೇಲೆ ಅದು ಲಿವರ್‌ಗೆ "ಈಗ ಬಿಡಬೇಡ, ತುಂಬಿಸಿಕೋ" ಎನ್ನುತ್ತದೆ. ಸ್ನಾಯು ಮತ್ತು ಕೊಬ್ಬಿಗೆ "ಒಳಗೆ ತೆಗೆದುಕೊಳ್ಳಿ" ಎನ್ನುತ್ತದೆ. ಎರಡೂ ಸೇರಿ ಶುಗರ್ ಕೆಳಗೆ ಬರುತ್ತದೆ.

ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಶುಗರ್ 80-85ರ ಹತ್ತಿರ ಬರುತ್ತಿದ್ದಂತೆ ಗ್ರಂಥಿ ಇನ್ಸುಲಿನ್ ಬಿಡುವುದನ್ನು ಕಡಿಮೆ ಮಾಡುತ್ತದೆ. ಚರ್ಮದ ಕೆಳಗೆ ಚುಚ್ಚಿಕೊಂಡ ಇನ್ಸುಲಿನ್‌ಗೆ ಈ ಲಗಾಮು ಇಲ್ಲ. ಶುಗರ್ 60 ಆದರೂ 50 ಆದರೂ ಅದು ತನ್ನ ಪಾಡಿಗೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ವಾಪಸ್ ತೆಗೆಯಲು ಆಗುವುದಿಲ್ಲ. ಅಂದು ದೊಡ್ಡಮ್ಮನಿಗೆ ಆದದ್ದೂ ಇದೇ. ಇನ್ಸುಲಿನ್ ಬಂತು, ತಿಂಡಿ ಬರಲಿಲ್ಲ, ಜೊತೆಗೆ ಮೂರು ಗಂಟೆ ಏರು ತೋಟದಲ್ಲಿ ಕೆಲಸ.

ಹಸಿವಿನ ಸುದ್ದಿ ಹೊತ್ತು ತರುವವರು

ಹಾರ್ಮೋನ್ ಅಂದರೆ ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ರಕ್ತದ ಮೂಲಕ ಕಳಿಸುವ ಸುದ್ದಿ. ಹಸಿವಿನ ವಿಷಯದಲ್ಲಿ ಸುದ್ದಿ ಕಳಿಸುವವರು ಹಲವರು. ಮುಖ್ಯವಾಗಿ ಓದುವವರು ಒಬ್ಬರೇ. ಮೆದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಜಾಗ. ಅಲ್ಲಿ ಎರಡು ಗುಂಪು ನರಕೋಶಗಳಿವೆ. ಒಂದು ಗುಂಪು "ತಿನ್ನು" ಎನ್ನುತ್ತದೆ, ಇನ್ನೊಂದು "ಸಾಕು" ಎನ್ನುತ್ತದೆ. ಬಂದ ಸುದ್ದಿಗಳೆಲ್ಲ ಈ ಎರಡರಲ್ಲಿ ಒಂದನ್ನು ಎಬ್ಬಿಸುತ್ತವೆ, ಇನ್ನೊಂದನ್ನು ಮಲಗಿಸುತ್ತವೆ.

"ತಿನ್ನು" ಎಂದು ಹೇಳುವ ಹಾರ್ಮೋನ್ ಘ್ರೆಲಿನ್. ಇದು ಮುಖ್ಯವಾಗಿ ಹೊಟ್ಟೆಯ ಒಳಪದರದಲ್ಲಿ ತಯಾರಾಗುತ್ತದೆ. 1999ರಲ್ಲಿ ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅವರ ತಂಡ ಇದನ್ನು ಪತ್ತೆ ಮಾಡಿತು. ಊಟದ ಹೊತ್ತು ಹತ್ತಿರ ಬರುವಾಗ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಇದಕ್ಕೆ ಗಡಿಯಾರದ ಅಭ್ಯಾಸ ಇದೆ. ದಿನಾ ಒಂದು ಗಂಟೆಗೆ ಉಣ್ಣುವವರಿಗೆ ಒಂದು ಗಂಟೆ ಸಮೀಪಿಸುವಾಗಲೇ ಏರತೊಡಗುತ್ತದೆ. ತೋಟದಲ್ಲಿ ಊಟದ ಗಂಟೆ ಹೊಡೆಯುತ್ತಾರಲ್ಲ, ಘ್ರೆಲಿನ್ ಅಂಥದ್ದು.

"ಸಾಕು" ಎನ್ನುವವರು ಜಾಸ್ತಿ ಜನ. ಆಹಾರ ಕರುಳಿಗೆ ಬಂದಾಗ ಅಲ್ಲಿಂದ ಸಿಸಿಕೆ, ಪಿವೈವೈ, ಜಿಎಲ್‌ಪಿ-1 ಎಂಬ ಹಾರ್ಮೋನ್‌ಗಳು ಹೊರಡುತ್ತವೆ. ಇವು ಆ ಹೊತ್ತಿನ ಊಟದ ಸುದ್ದಿ ಕೊಡುವವರು. ಲೆಪ್ಟಿನ್ ಬೇರೆ ತರ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದರ ಜೀನ್ ಕಂಡುಹಿಡಿಯಿತು. ಇದು ಬರುವುದು ಕೊಬ್ಬಿನ ಕೋಶಗಳಿಂದ. "ಅಟ್ಟದಲ್ಲಿ ದಾಸ್ತಾನು ಎಷ್ಟಿದೆ" ಎಂದು ತಿಳಿಸುವುದು ಇದರ ಕೆಲಸ. ಒಂದು ಊಟದಿಂದ ಇದು ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಒಂದೆರಡು ದಿನ ಉಪವಾಸ ಇದ್ದರೆ ಸರಸರ ಇಳಿಯುತ್ತದೆ.

ಇನ್ಸುಲಿನ್ ಕೂಡ ಈ "ಸಾಕು" ಗುಂಪಿಗೇ ಸೇರಿದ್ದು. ಬಹಳ ಜನರಿಗೆ ಇದು ಗೊತ್ತಿಲ್ಲ. ಇನ್ಸುಲಿನ್ ಮೆದುಳಿಗೂ ಹೋಗುತ್ತದೆ. 1979ರಲ್ಲಿ ಬಬೂನ್ ಕೋತಿಗಳ ಮೆದುಳಿನ ದ್ರವಕ್ಕೆ ನೇರವಾಗಿ ಸ್ವಲ್ಪ ಸ್ವಲ್ಪ ಇನ್ಸುಲಿನ್ ಸೇರಿಸಿ ನೋಡಿದರು. ಅವು ತಿನ್ನುವುದು ಕಡಿಮೆ ಆಯಿತು, ತೂಕವೂ ಇಳಿಯಿತು. "ಇನ್ಸುಲಿನ್ ತೆಗೊಂಡರೆ ಹಸಿವು ಜಾಸ್ತಿ" ಎಂಬ ನಮ್ಮ ಕಡೆಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇನ್ಸುಲಿನ್ ತಾನಾಗಿ ಹಸಿವು ಹುಟ್ಟಿಸುವ ವಸ್ತು ಅಲ್ಲ. ಹಸಿವು ಬರುವುದು ಅದರಿಂದ ಶುಗರ್ ತೀರಾ ಕೆಳಗೆ ಹೋದಾಗ.

ಇನ್ಸುಲಿನ್ ಏರಿದರೆ ಘ್ರೆಲಿನ್ ಇಳಿಯುತ್ತದೆ

ಊಟ ಆದ ಮೇಲೆ ಘ್ರೆಲಿನ್ ಏಕೆ ಇಳಿಯುತ್ತದೆ? ಹೊಟ್ಟೆ ತುಂಬಿತು, ಅದಕ್ಕೆ ಎಂದು ನಮಗೆ ಅನ್ನಿಸುತ್ತದೆ. ಆದರೆ ಬರೀ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡರೆ ಘ್ರೆಲಿನ್ ಇಳಿಯುವುದಿಲ್ಲ. ಆಹಾರದ ಸಾರ ಕರುಳಿಗೆ ಸೇರಬೇಕು. ಜೊತೆಗೆ ಇನ್ಸುಲಿನ್ ಇರಬೇಕು.

ಇನ್ಸುಲಿನ್ ಬೇಕೇ ಬೇಕು ಎಂದು ತೋರಿಸಿಕೊಟ್ಟದ್ದು ಟೈಪ್-1 ಸಕ್ಕರೆ ಕಾಯಿಲೆ ಇರುವವರ ಮೇಲೆ ನಡೆದ ಒಂದು ಅಧ್ಯಯನ. ಟೈಪ್-1 ಅಂದರೆ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದು ಹೆಚ್ಚುಕಡಿಮೆ ನಿಂತೇಹೋದ ಸ್ಥಿತಿ. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇನ್ಸುಲಿನ್ ಕೊಟ್ಟು ಊಟ ಕೊಟ್ಟಾಗ ಘ್ರೆಲಿನ್ ಎಲ್ಲರಂತೆ ಇಳಿಯಿತು. ಇನ್ಸುಲಿನ್ ಇಲ್ಲದೆ ಅದೇ ಊಟ ಕೊಟ್ಟಾಗ ಇಳಿಯಲಿಲ್ಲ.

ಶುಗರ್ ಹಿಡಿತ ತಪ್ಪಿ 350, 400 ಇರುವವರು "ಎಷ್ಟು ಉಂಡರೂ ಹಸಿವು" ಎನ್ನುತ್ತಾರಲ್ಲ, ಅದರ ಒಂದು ಎಳೆ ಇಲ್ಲಿ ಸಿಗುತ್ತದೆ. ರಕ್ತದಲ್ಲಿ ಗ್ಲೂಕೋಸ್ ತುಂಬಿ ಮೂತ್ರದಲ್ಲೂ ಹೋಗುತ್ತಿದೆ. ಆದರೆ ಇನ್ಸುಲಿನ್ ಸಾಲದ್ದರಿಂದ "ಉಂಡಾಯಿತು" ಎಂಬ ಸುದ್ದಿ ಹೊಟ್ಟೆಗೂ ಮೆದುಳಿಗೂ ಸರಿಯಾಗಿ ಮುಟ್ಟುತ್ತಿಲ್ಲ. ಅಂಥವರಿಗೆ ಇನ್ಸುಲಿನ್ ಶುರು ಮಾಡಿದ ಮೇಲೆ ಆ ಅತಿಹಸಿವು ತಗ್ಗುವುದೇ ಜಾಸ್ತಿ.

ಲೆಪ್ಟಿನ್ ಕೂಡ ಇನ್ಸುಲಿನ್ ಮಾತು ಕೇಳುತ್ತದೆ, ಆದರೆ ನಿಧಾನಕ್ಕೆ. ಹಲವು ಗಂಟೆ ಇನ್ಸುಲಿನ್ ಮೇಲೆ ಇದ್ದರೆ ಆಮೇಲೆ ಲೆಪ್ಟಿನ್ ಏರುತ್ತದೆ. ಹಾಗಾಗಿ ಹತ್ತು ನಿಮಿಷದಲ್ಲಿ ಬಂದು ಹೋಗುವ ಲೋ ಶುಗರ್‌ನ ಹಸಿವಿಗೂ ಇದಕ್ಕೂ ಹೆಚ್ಚಿನ ಸಂಬಂಧ ಇಲ್ಲ.

ಘ್ರೆಲಿನ್ ಕಡಿಮೆ ಇದೆ, ಹಸಿವು ಮಾತ್ರ ತಡೆಯಲಾಗದು

ಶುಗರ್ ಇಳಿದಾಗ ಹಸಿವಾಗುತ್ತದೆ. ಹಸಿವಿನ ಹಾರ್ಮೋನ್ ಘ್ರೆಲಿನ್. ಹಾಗಾದರೆ ಶುಗರ್ ಇಳಿದಾಗ ಘ್ರೆಲಿನ್ ಏರಬೇಕು, ಅಲ್ವಾ? ಮೊದಮೊದಲು ಸಂಶೋಧಕರೂ ಹಾಗೇ ಎಣಿಸಿದ್ದರು. ಇನ್ಸುಲಿನ್ ಕೊಟ್ಟು ಶುಗರ್ ಇಳಿಸಿದ ಇಲಿಗಳ ಹೊಟ್ಟೆಯಲ್ಲಿ ಘ್ರೆಲಿನ್ ತಯಾರಿ ಏರಿದ್ದು 2001ರಲ್ಲಿ ಕಂಡಿತ್ತು.

ಮನುಷ್ಯರಲ್ಲಿ ನೋಡಲು ಒಂದು ಜಾಣ ವಿಧಾನ ಇದೆ. ಒಂದು ಕೈಯ ರಕ್ತನಾಳಕ್ಕೆ ಡ್ರಿಪ್‌ನಲ್ಲಿ ಇನ್ಸುಲಿನ್ ಬಿಡುತ್ತಾರೆ. ಇನ್ನೊಂದು ಡ್ರಿಪ್‌ನಲ್ಲಿ ಗ್ಲೂಕೋಸ್ ನೀರು. ಐದೈದು ನಿಮಿಷಕ್ಕೊಮ್ಮೆ ರಕ್ತ ನೋಡಿ ಗ್ಲೂಕೋಸ್ ಡ್ರಿಪ್ಪನ್ನು ಸ್ವಲ್ಪ ಜೋರು, ಸ್ವಲ್ಪ ನಿಧಾನ ಮಾಡುತ್ತಾರೆ. ಒಂದು ಕಡೆ ನೀರು ಹೋಗುವ ಟ್ಯಾಂಕಿಗೆ ಇನ್ನೊಂದು ಕಡೆಯಿಂದ ನಲ್ಲಿ ತಿರುಗಿಸಿ ಮಟ್ಟ ಕಾಯ್ದ ಹಾಗೆ. ಇದರಿಂದ ಇನ್ಸುಲಿನ್ ಜಾಸ್ತಿ ಇದ್ದರೂ ಶುಗರನ್ನು 90ರಲ್ಲೇ ನಿಲ್ಲಿಸಬಹುದು. ಬೇಕೆಂದೇ 50ಕ್ಕೂ ಇಳಿಸಬಹುದು. ಇನ್ಸುಲಿನ್ ಮಾಡಿದ್ದು ಯಾವುದು, ಶುಗರ್ ಇಳಿದದ್ದರಿಂದ ಆದದ್ದು ಯಾವುದು ಎಂದು ಬೇರೆ ಬೇರೆ ಮಾಡಿ ನೋಡಬಹುದು.

2002-03ರ ಸುಮಾರಿಗೆ ಒಂದಕ್ಕಿಂತ ಹೆಚ್ಚು ತಂಡಗಳು ಹೀಗೆ ನೋಡಿದವು. ಶುಗರ್ ಮಾಮೂಲಿ ಮಟ್ಟದಲ್ಲಿ ಇದ್ದಾಗಲೂ ಘ್ರೆಲಿನ್ ಇಳಿಯಿತು. ಶುಗರ್ ಕೆಳಗೆ ಹೋದಾಗಲೂ ಘ್ರೆಲಿನ್ ಕಡಿಮೆಯೇ ಇತ್ತು. ಇನ್ಸುಲಿನ್ ತನ್ನ "ಸಾಕು" ಎಂಬ ಸುದ್ದಿಯನ್ನು ಹೊಟ್ಟೆಗೆ ಮುಟ್ಟಿಸಿ ಆಗಿತ್ತು. ಅಂದರೆ ಹೊಟ್ಟೆಯ ಊಟದ ಗಂಟೆ ಹೊಡೆಯುತ್ತಲೇ ಇಲ್ಲ, ಆದರೂ ಶುಗರ್ ಇಳಿದ ಮನುಷ್ಯ ಹಸಿವಿನಿಂದ ಒದ್ದಾಡುತ್ತಾನೆ.

ಹಾಗಾದರೆ ಕೂಗುತ್ತಿರುವುದು ಯಾರು? ಸಿದ್ದಾಪುರದ ಕಡೆ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ದಿನಾ ಮಧ್ಯಾಹ್ನ ಗಂಟೆ ಹೊಡೆದಾಗ ಕೆಲಸ ಬಿಟ್ಟು ಊಟಕ್ಕೆ ಬರುತ್ತೇವೆ. ಆದರೆ ಒಂದು ದಿನ ಹತ್ತು ಗಂಟೆಗೇ ಮೇಲಿನ ತೋಟದಿಂದ "ಆನೆ ಬಂತು!" ಎಂದು ಕೂಗು ಬಂದರೆ? ಯಾರೂ ಗಂಟೆ ನೋಡುವುದಿಲ್ಲ. ಚೀಲ ಎಸೆದು ಓಡುತ್ತೇವೆ. ಎರಡು ಸಲವೂ ಕೆಲಸ ನಿಂತಿತು, ಆದರೆ ಕಾರಣ ಪೂರ್ತಿ ಬೇರೆ. ಲೋ ಶುಗರ್‌ನ ಹಸಿವು ಈ ಎರಡನೇ ಬಗೆಯದು. ಅಲ್ಲಿ ಕೂಗುವುದು ಮೆದುಳೇ.

ಮೆದುಳಿನಲ್ಲಿ ಗ್ಲೂಕೋಸ್ ಮಟ್ಟವನ್ನು ಸದಾ ಕಾಯುವ ನರಕೋಶಗಳಿವೆ. ಹೈಪೋಥಲಾಮಸ್‌ನಲ್ಲಿ ಇವೆ, ಕತ್ತಿನ ಹತ್ತಿರದ ಹಿಂಮೆದುಳಿನಲ್ಲೂ ಇವೆ. ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲೂ ಇಂಥ ಕಾವಲು ಇದೆ. ಇವುಗಳಲ್ಲಿ ಕೆಲವು ಗ್ಲೂಕೋಸ್ ಕಡಿಮೆ ಆದಾಗಲೇ ಎದ್ದು ಕೂರುವ ಜಾತಿಯವು. ಇವು ಎದ್ದರೆ "ತಿನ್ನು" ಗುಂಪು ನೇರವಾಗಿ ಎಚ್ಚರಗೊಳ್ಳುತ್ತದೆ. ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವೂ ಚುರುಕಾಗುತ್ತದೆ. ಹೊಟ್ಟೆ ಹಿಂಡಿದಂತೆ, ಗುರುಗುಟ್ಟಿದಂತೆ ಅನ್ನಿಸುವುದು ಇದರಿಂದ.

1977ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ವಿಷಯವನ್ನು ಬಹಳ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಗ್ಲೂಕೋಸ್‌ನಂತೆಯೇ ಕಾಣುವ, ಆದರೆ ದೇಹ ಉರಿಸಲಾಗದ ಒಂದು ವಸ್ತುವನ್ನು ಜನರಿಗೆ ಕೊಟ್ಟರು. ಅದು ಕೋಶದೊಳಗೆ ಹೋಗಿ ದಾರಿಗೆ ಅಡ್ಡ ಕೂರುತ್ತದೆ. ರಕ್ತದಲ್ಲಿ ಶುಗರ್ ಕಡಿಮೆ ಇರಲಿಲ್ಲ, ಏರಿಯೇ ಇತ್ತು. ಮೆದುಳಿಗೆ ಬಳಸಲು ಆಗುತ್ತಿರಲಿಲ್ಲ, ಅಷ್ಟೇ. ಅವರಿಗೆ ಜೋರು ಹಸಿವಾಯಿತು. ಸಿಹಿ ಹೆಚ್ಚು ರುಚಿಸಿತು ಕೂಡ. ದೊಡ್ಡಮ್ಮನ ಕೈ ಎಳ್ಳುಂಡೆಯ ಡಬ್ಬಕ್ಕೇ ಏಕೆ ಹೋಯಿತು ಎಂದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

ಹಾಗಂತ ಘ್ರೆಲಿನ್‌ಗೂ ಶುಗರ್‌ಗೂ ಸಂಬಂಧವೇ ಇಲ್ಲ ಎಂದಲ್ಲ. ನಿಧಾನವಾಗಿ ಬರುವ ಬರಗಾಲದಲ್ಲಿ ಅದು ಕಾಪಾಡುತ್ತದೆ. 2010ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರ ತಂಡ, ಘ್ರೆಲಿನ್ ಕೆಲಸ ಮಾಡದಂತೆ ತಳಿ ಬದಲಿಸಿದ ಇಲಿಗಳಿಗೆ ದಿನಾ ಅರ್ಧಕ್ಕಿಂತ ಕಡಿಮೆ ಆಹಾರ ಕೊಟ್ಟಿತು. ವಾರದೊಳಗೆ ಅವುಗಳ ಶುಗರ್ ಸಾವಿನಂಚಿಗೆ ಇಳಿಯಿತು. ಮಾಮೂಲಿ ಇಲಿಗಳು ಅಷ್ಟೇ ತಿಂದರೂ ಸುಧಾರಿಸಿಕೊಂಡವು. ಇನ್ಸುಲಿನ್ ಚುಚ್ಚಿದ ಮೇಲೆ ಅರ್ಧ ಗಂಟೆಯಲ್ಲಿ ಬೀಳುವ ಶುಗರ್‌ನ ಕಥೆ ಬೇರೆ.

ಬೆವರು, ನಡುಕ, ತೊದಲು ಮಾತು

ಶುಗರ್ 70ಕ್ಕಿಂತ ಕೆಳಗೆ ಬಂದರೆ ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಇಳಿಯುತ್ತಾ ಹೋದಂತೆ ದೇಹ ಒಂದೊಂದೇ ಕೆಲಸ ಶುರು ಮಾಡುತ್ತದೆ.

70-65ರ ಹತ್ತಿರ ಗ್ಲುಕಗಾನ್ ಎಂಬ ಹಾರ್ಮೋನ್ ಹೊರಡುತ್ತದೆ. ಅದು ಲಿವರ್‌ನ ಕಣಜ ತೆರೆಸುತ್ತದೆ. ಅಡ್ರಿನಾಲಿನ್ ಕೂಡ ಬರುತ್ತದೆ. ಎದೆ ಡವಡವ, ಕೈನಡುಕ, ಗಾಬರಿ ಅಡ್ರಿನಾಲಿನ್ ಕೊಡುವವು. ಬೆವರು ಮತ್ತು ಹಸಿವು ಬರುವುದು ಇನ್ನೊಂದು ನರದ ದಾರಿಯಿಂದ. ಇದು ತಿಳಿದಿದ್ದರೆ ಒಂದು ಉಪಯೋಗ ಇದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಎದೆಬಡಿತ, ನಡುಕವನ್ನು ಮುಚ್ಚಿಬಿಡುತ್ತವೆ. ಬೆವರನ್ನು ಮುಚ್ಚುವುದಿಲ್ಲ. ಚಳಿಯಲ್ಲಿ ಬೆವರು ಕಂಡರೆ ಮೊದಲು ಮೀಟರ್ ತೆಗೆಯಿರಿ.

50ರ ಸುಮಾರಿಗೆ ಮೆದುಳಿಗೇ ಸಾಲದಾಗುತ್ತದೆ. ಮಾತು ತೊದಲುತ್ತದೆ, ಹೇಳಿದ್ದು ಅರ್ಥವಾಗುವುದಿಲ್ಲ, ಸಿಟ್ಟು ಬರುತ್ತದೆ. ಆ ಹೊತ್ತಿನಲ್ಲಿ ಅವರು "ನನಗೇನೂ ಆಗಿಲ್ಲ, ಬಿಡಿ" ಎಂದು ಕೈ ಕೊಡವಬಹುದು. ಅದನ್ನು ಹಟ ಎಂದುಕೊಳ್ಳಬೇಡಿ.

ಮತ್ತೆ ಮತ್ತೆ ಲೋ ಆಗುತ್ತಿದ್ದರೆ ಈ ಕೂಗೇ ಕ್ಷೀಣಿಸುತ್ತದೆ. ದೇಹ ಇಳಿದ ಮಟ್ಟಕ್ಕೆ ಒಗ್ಗಿಹೋಗುತ್ತದೆ. ಹಸಿವಿಲ್ಲ, ಬೆವರಿಲ್ಲ, ನೇರವಾಗಿ ಗೊಂದಲ ಅಥವಾ ಎಚ್ಚರ ತಪ್ಪುವುದು. ಬಹಳ ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಕೆಲವು ವಾರ ಒಂದೂ ಲೋ ಆಗದಂತೆ ಎಚ್ಚರಿಕೆ ವಹಿಸಿದರೆ ಆ ಸೂಚನೆಗಳು ಬಹಳ ಮಟ್ಟಿಗೆ ವಾಪಸ್ ಬರುತ್ತವೆ. "ಈಗೀಗ ನನಗೆ ಗೊತ್ತೇ ಆಗೋದಿಲ್ಲ" ಎಂದು ಯಾರಾದರೂ ಹೇಳಿದರೆ ಡಾಕ್ಟರಿಗೆ ತಿಳಿಸಲೇಬೇಕು.

ತಿಂದ ಮೇಲೂ ನಿಲ್ಲದ ಹದಿನೈದು ನಿಮಿಷ

ದೊಡ್ಡಮ್ಮ ಎರಡು ಒಟ್ಟಿ ತಿಂದ ಮೇಲೂ ಹಸಿವು ಏಕೆ ನಿಲ್ಲಲಿಲ್ಲ? ಮೊದಲ ಕಾರಣ ಸಮಯ. ಬಾಯಿಗೆ ಹಾಕಿದ್ದು ಕರುಳಿಗೆ ಹೋಗಿ, ರಕ್ತಕ್ಕೆ ಸೇರಿ, ಮೆದುಳಿಗೆ ಮುಟ್ಟಲು ಹತ್ತು-ಹದಿನೈದು ನಿಮಿಷ ಬೇಕು. ಅಕ್ಕಿ ಒಟ್ಟಿ ಅರೆದು, ಕರಗಿ ಗ್ಲೂಕೋಸ್ ಆಗಬೇಕಾದ್ದರಿಂದ ಇನ್ನೂ ತಡ. ಎಳ್ಳುಂಡೆಯಲ್ಲಿ ಎಣ್ಣೆಯಂಶ ಇದೆ. ಕೊಬ್ಬು ಇದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಚಾಕೊಲೇಟ್, ತುಪ್ಪ ಸುರಿದ ತಂಬುಟ್ಟು ಇವೆಲ್ಲ ಸಿಹಿಯೇ, ಆದರೆ ಈ ಹೊತ್ತಿಗೆ ಆಗುವುದಿಲ್ಲ. ಎರಡನೆಯ ಕಾರಣ, ಶುಗರ್ ಏರಿದ ಮೇಲೂ ಅಡ್ರಿನಾಲಿನ್ ತಕ್ಷಣ ತಣ್ಣಗಾಗುವುದಿಲ್ಲ. ಆನೆ ಹೋದ ಮೇಲೂ ಎದೆ ಹೊಡೆದುಕೊಳ್ಳುತ್ತದಲ್ಲ, ಹಾಗೆ.

ಈ ಹದಿನೈದು ನಿಮಿಷದಲ್ಲಿ ತಿಂದದ್ದೆಲ್ಲ ಆಮೇಲೆ ಒಟ್ಟಿಗೇ ರಕ್ತಕ್ಕೆ ಬರುತ್ತದೆ. ಸಂಜೆಯ 318 ಅಲ್ಲಿಂದ ಬಂದದ್ದು.

ಅದಕ್ಕೇ ವೈದ್ಯರು ಹೇಳುವ ಲೆಕ್ಕ 15-15. ಬೇಗ ಕರಗುವ ಸಿಹಿ 15 ಗ್ರಾಂ ಕೊಡಿ, 15 ನಿಮಿಷ ಕಾಯಿರಿ, ಮತ್ತೆ ಬೆರಳು ಚುಚ್ಚಿ ನೋಡಿ. 70 ದಾಟಿಲ್ಲ ಎಂದರೆ ಇನ್ನೊಂದು ಸಲ ಅಷ್ಟೇ ಕೊಡಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಬಹುದು. ಒಂದು ದೊಡ್ಡ ಚಮಚ ಜೇನು ಆಗುತ್ತದೆ, ನಮ್ಮಲ್ಲಿ ಜೇನಿಗೇನು ಕಡಿಮೆ. ಅರ್ಧ ಲೋಟ ಕಿತ್ತಳೆ ರಸವೂ ಆಗುತ್ತದೆ. 70 ದಾಟಿದ ಮೇಲೆ, ಮುಂದಿನ ಊಟ ದೂರ ಇದ್ದರೆ, ಒಂದು ಒಟ್ಟಿ ಅಥವಾ ಒಂದೆರಡು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಕೊಡಿ. ಇಲ್ಲದಿದ್ದರೆ ಮತ್ತೆ ಇಳಿಯಬಹುದು.

ಒಂದು ವಿಷಯ ನೆನಪಿಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನೀರೂ ಬೇಡ, ಉಸಿರುನಾಳಕ್ಕೆ ಹೋದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ.

ತೋಟದ ಕೆಲಸ, ಮದುವೆ ಮನೆ

ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಏರು ಹತ್ತಿದರೆ ಅದು ಬೇಗ ರಕ್ತಕ್ಕೆ ಸೇರುತ್ತದೆ. ಸಂಜೆ ಮನೆಗೆ ಬಂದ ಮೇಲೂ ಸ್ನಾಯುಗಳು ಖಾಲಿಯಾದ ದಾಸ್ತಾನು ತುಂಬಿಕೊಳ್ಳುತ್ತಿರುತ್ತವೆ. ಹಾಗಾಗಿ ಇಡೀ ದಿನ ಕಾಫಿ ಕುಯ್ದವರಿಗೆ ನಡುರಾತ್ರಿ ಲೋ ಆಗಬಹುದು. ಕೊಯ್ಲು ಮುಗಿದು ಮನೆಯಲ್ಲಿ ಕೂರುವ ಮಳೆಗಾಲದ ಡೋಸು ಜನವರಿಗೆ ಹೊಂದದೆ ಇರಬಹುದು. ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು. "ನಾನು ಈ ಮೂರು ತಿಂಗಳು ದಿನಾ ಕಾಫಿ ಕುಯ್ಯುತ್ತೇನೆ" ಎಂದು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಕಡೆ ಮದುವೆ, ಹಬ್ಬ ಎಂದರೆ ಒಂದೆರಡು ಪೆಗ್ ಇರುತ್ತದೆ. ಲಿವರ್ ಆಲ್ಕೋಹಾಲ್ ಕರಗಿಸುವ ಕೆಲಸದಲ್ಲಿ ಇರುವಾಗ ಹೊಸದಾಗಿ ಗ್ಲೂಕೋಸ್ ತಯಾರಿಸಲು ಅದಕ್ಕೆ ಆಗುವುದಿಲ್ಲ. ಕಣಜದಲ್ಲಿ ಇದ್ದದ್ದು ಮುಗಿದರೆ ಅಲ್ಲಿಗೆ ಮುಗಿಯಿತು. ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಶುಗರ್ ಬೀಳುತ್ತದೆ. ಆಗ ತೊದಲು ಮಾತು, ತೂರಾಟ ಕಂಡರೆ ಸುತ್ತ ಇದ್ದವರು "ಜಾಸ್ತಿ ಆಯ್ತು, ಮಲಗಲಿ" ಎಂದುಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಹಾಗೆ ಮಲಗಿಸುವ ಮೊದಲು ದಯವಿಟ್ಟು ಬೆರಳು ಚುಚ್ಚಿ ನೋಡಿ.

ಇನ್ಸುಲಿನ್ ಮಾತ್ರ ಅಲ್ಲ, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳೂ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ಊಟ ತಪ್ಪಿದರೆ ಅವುಗಳಿಂದಲೂ ಲೋ ಆಗುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹಾಗಾಗುವುದು ಅಪರೂಪ.

ಹಸಿವು ತಗ್ಗಿಸುವ ಇಂಜೆಕ್ಷನ್ ಎಲ್ಲಿ ಬರುತ್ತದೆ?

ಕರುಳಿನಿಂದ ಹೊರಡುವ ಜಿಎಲ್‌ಪಿ-1 ಬಗ್ಗೆ ಮೇಲೆ ಹೇಳಿದೆ. ನಮ್ಮ ದೇಹದ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತದೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಅದನ್ನೇ ಹೋಲುತ್ತದೆ, ಆದರೆ ವಾರಗಟ್ಟಲೆ ಉಳಿಯುತ್ತದೆ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಜಿಎಲ್‌ಪಿ-1ರ ಜೊತೆಗೆ ಕರುಳಿನ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಎರಡೂ ಮೆದುಳಿಗೆ "ಸಾಕು" ಎನ್ನುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಶುಗರ್ ಮೇಲೆ ಇದ್ದಾಗ ಮಾತ್ರ ಇನ್ಸುಲಿನ್ ಬಿಡಿಸುತ್ತವೆ. ಆದ್ದರಿಂದ ಇವನ್ನಷ್ಟೇ ತೆಗೆದುಕೊಂಡರೆ ಲೋ ಆಗುವುದು ಕಡಿಮೆ.

ತೊಂದರೆ ಬರುವುದು ಇನ್ಸುಲಿನ್ ಜೊತೆಗೆ ತೆಗೆದುಕೊಂಡಾಗ. ಮೂರು ಒಟ್ಟಿ ತಿನ್ನುವವರು ಒಂದಕ್ಕೇ ಸಾಕೆನ್ನುತ್ತಾರೆ. ಇನ್ಸುಲಿನ್ ಡೋಸು ಮಾತ್ರ ಮೂರು ಒಟ್ಟಿಯ ಲೆಕ್ಕದ್ದೇ ಇರುತ್ತದೆ. ಹಾಗಾಗಿ ಈ ಇಂಜೆಕ್ಷನ್ ಶುರು ಮಾಡುವಾಗ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಪ್ರಮಾಣವನ್ನು ಡಾಕ್ಟರು ಹೊಸದಾಗಿ ನಿಗದಿ ಮಾಡುತ್ತಾರೆ. ಯಾರದೋ ಮಾತು ಕೇಳಿ ಸುಮ್ನೆ ತರಿಸಿಕೊಂಡು ಚುಚ್ಚಿಕೊಳ್ಳುವ ವಸ್ತು ಇದಲ್ಲ.

ಕಾಯಿಲೆ ಇಲ್ಲದವರ ಹನ್ನೊಂದು ಗಂಟೆಯ ಹಸಿವು

ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಇದರ ಸಣ್ಣ ನೆರಳು ಕಾಣುತ್ತದೆ. ಬ್ರಿಟನ್ ಮತ್ತು ಅಮೆರಿಕದ ಸಾವಿರಕ್ಕೂ ಹೆಚ್ಚು ಜನರ ತೋಳಿಗೆ ಸೆನ್ಸರ್ ಅಂಟಿಸಿ ಮಾಡಿದ ಅಧ್ಯಯನ 2021ರಲ್ಲಿ ಬಂತು. ತಿಂಡಿ ತಿಂದ ಎರಡು-ಮೂರು ಗಂಟೆಗೆ ಕೆಲವರ ಶುಗರ್ ಮೊದಲಿದ್ದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಜಾರುತ್ತದೆ. ಲೋ ಶುಗರ್ ಎನ್ನುವಷ್ಟು ಅಲ್ಲ, ಒಂದು ಸಣ್ಣ ತಗ್ಗು. ಹಾಗೆ ಜಾರುವವರಿಗೆ ಬೇಗ ಹಸಿವಾಗುತ್ತಿತ್ತು, ದಿನದ ಲೆಕ್ಕದಲ್ಲಿ ಅವರು ಜಾಸ್ತಿ ತಿನ್ನುತ್ತಿದ್ದರು. ಒಂದೇ ತಿಂಡಿ ತಿಂದ ಇಬ್ಬರಲ್ಲಿ ಒಬ್ಬರಿಗೆ ಹನ್ನೊಂದಕ್ಕೇ ಹಸಿವು, ಇನ್ನೊಬ್ಬರಿಗೆ ಒಂದೂವರೆವರೆಗೂ ಇಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ದೊಡ್ಡಮ್ಮನ ಚೀಲ

ಮುಂದಿನ ವಾರವೇ ದೊಡ್ಡಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೊಯ್ಲಿನ ದಿನಗಳಿಗೆ ಬೆಳಗಿನ ಡೋಸು ಕಡಿಮೆ ಮಾಡಿದರು. ತಿಂಡಿ ತಟ್ಟೆ ಮುಂದೆ ಬರುವವರೆಗೂ ಇನ್ಸುಲಿನ್ ಪೆನ್ ಮುಟ್ಟಬೇಡಿ ಎಂದರು. ಈಗ ಅವರ ಸೊಂಟದ ಚೀಲದ ಪಕ್ಕ ಇನ್ನೊಂದು ಪುಟ್ಟ ಬಟ್ಟೆ ಚೀಲ ಇದೆ. ಒಳಗೆ ಮೀಟರ್, ನೀರಿನ ಬಾಟಲಿ, ಮತ್ತು ಕಾಗದದಲ್ಲಿ ಮಡಚಿದ ನಾಲ್ಕು ಪೊಟ್ಟಣ. ಒಂದೊಂದರಲ್ಲಿ ಅಳೆದು ಹಾಕಿದ ಮೂರು ಚಮಚ ಗ್ಲೂಕೋಸ್ ಪುಡಿ. ಪೊಟ್ಟಣ ಕಟ್ಟಿಕೊಟ್ಟದ್ದು ಅಂದು ಆ ಮಾತು ಹೇಳಿದವರೇ. ಫೆಬ್ರವರಿಯಲ್ಲಿ ಒಂದು ದಿನ ಶುಗರ್ 64ಕ್ಕೆ ಇಳಿಯಿತು. ಒಂದು ಪೊಟ್ಟಣ ಕುಡಿದು ಕಾಫಿ ಚೀಲದ ಮೇಲೆ ಕೂತರು. ಎಂಟನೇ ನಿಮಿಷಕ್ಕೆ, "ಇನ್ನೂ ಹಸೀತಿದೆ" ಎಂದರು. "ಹಸೀತದೆ ದೊಡ್ಡಮ್ಮ, ಇನ್ನು ಏಳು ನಿಮಿಷ" ಎಂದು ಪೊಟ್ಟಣ ಕಟ್ಟಿದವರು ಅವರ ಕೈ ಹಿಡಿದು ಪಕ್ಕದಲ್ಲೇ ಕೂತರು. ಹದಿನೈದಕ್ಕೆ ನೋಡಿದಾಗ 96 ಇತ್ತು.